ಅಳೆದು ನೋಡಿ ಆಮೇಲೆ ರಿಪೇರಿ ಮಾಡುವವರು: ಕೊಡಿಯಾಲಬೈಲಿನ ನಮ್ಮ ಆಫೀಸಿಗೆ ಬಂದ ನೆಟ್‌ವರ್ಕ್ ಸರ್ವಿಸ್

ಆಫೀಸಲ್ಲಿ ನೆಟ್ ಸ್ಲೋ ಅಂತ ಯಾರಿಗೆ ಫೋನ್ ಮಾಡಿದರೂ ಸಿಗುವ ಉತ್ತರ ಹೆಚ್ಚಾಗಿ ಎರಡೇ. ಪ್ಲಾನ್ ಅಪ್‌ಗ್ರೇಡ್ ಮಾಡಿ, ಇಲ್ಲವೇ ಹೊಸ ರೂಟರ್ ತಗೊಳ್ಳಿ. ಈ ಎರಡನ್ನೂ ಹೇಳದೆ, ಬಂದು ಕೂತು, ಒಂದೊಂದೇ ಲೈನ್ ಅಳೆದು ನೋಡಿದ ಒಂದು ಸರ್ವಿಸ್ ನಮಗೆ ಮಂಗಳೂರಲ್ಲೇ ಸಿಕ್ಕಿತು. ಐದರಲ್ಲಿ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಅರ್ಧ ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ಹೆಸರು ಇಲ್ಲಿ ಹಾಕಿಲ್ಲ. ಇಬ್ಬರೇ ನಡೆಸುವ ಸರ್ವಿಸ್ ಅದು, ಒಬ್ಬರು ಹಿರಿಯರು, ಜೊತೆಗೆ ಒಬ್ಬ ಹುಡುಗ. ಈಗ ಇರುವ ಕೆಲಸವನ್ನೇ ಮುಗಿಸಲು ಆಗುತ್ತಿಲ್ಲ, ಹೆಸರು ಬೇಡ ಅಂತ ಅವರೇ ಕೇಳಿಕೊಂಡರು. ಆದರೂ ಬರೆಯುತ್ತಿದ್ದೇನೆ. ಅವರು ಕೆಲಸ ಮಾಡಿದ ರೀತಿ ಗೊತ್ತಾದರೆ, ನೀವು ಬೇರೆ ಯಾರನ್ನು ಕರೆಸಿದರೂ ಏನು ಕೇಳಬೇಕು ಅಂತ ಗೊತ್ತಿರುತ್ತದೆ.

ಮೊದಲು ನಮ್ಮ ಆಫೀಸ್ ಹೇಗಿದೆ ಅಂತ ಹೇಳಬೇಕು. ನಮ್ಮದು ಟ್ಯಾಕ್ಸ್ ಮತ್ತು ಅಕೌಂಟ್ಸ್ ಕೆಲಸ. ಹಳೇ ಹಂಚಿನ ಮನೆಯನ್ನೇ ಆಫೀಸ್ ಮಾಡಿಕೊಂಡಿದ್ದೇವೆ. ಚಾವಡಿಯಲ್ಲಿ ರಿಸೆಪ್ಷನ್, ಒಳಗಿನ ಕೋಣೆಗಳಲ್ಲಿ ಅಕೌಂಟ್ಸ್, ಹಿಂದೆ ಆಮೇಲೆ ಕಟ್ಟಿಸಿದ ಕಾಂಕ್ರೀಟ್ ಭಾಗದಲ್ಲಿ ಆಡಿಟ್ ಟೀಮ್. ಹಳೇ ಮನೆಯ ಗೋಡೆ ಪೂರ್ತಿ ಮುರಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ಒಂದಡಿಗಿಂತ ದಪ್ಪ. ಬೇಸಿಗೆಯಲ್ಲಿ ಸೆಕೆ ಕಡಿಮೆ, ಅದು ಒಳ್ಳೆಯದೇ. ಆದರೆ ವೈಫೈಗೆ ಅಂಥ ಗೋಡೆ ದೊಡ್ಡ ಶತ್ರು. ಮಳೆಗಾಲದಲ್ಲಿ ಗೋಡೆ ನೀರು ಹೀರಿಕೊಂಡರೆ ಸಿಗ್ನಲ್ ಇನ್ನೂ ಜಾಸ್ತಿ ನುಂಗುತ್ತದೆ.

ತೊಂದರೆ ಹೀಗಿತ್ತು. ಹಿಂದಿನ ಕೋಣೆಯಲ್ಲಿ ಟ್ಯಾಲಿ ಅನ್ನುವ ಅಕೌಂಟ್ಸ್ ಸಾಫ್ಟ್‌ವೇರ್‌ನಲ್ಲಿ ಒಂದು ಲೆಡ್ಜರ್ ತೆರೆಯಬೇಕಾದರೆ ಸುಮ್ನೆ ಕಾಯುತ್ತಾ ಕೂರಬೇಕು. ಕೆಲವೊಮ್ಮೆ ಮಧ್ಯದಲ್ಲೇ ನಿಂತು ಎರರ್ ಬರುತ್ತಿತ್ತು. ಪ್ರಿಂಟರ್ ಒಂದು ಗಂಟೆ ಕಾಣಿಸುತ್ತದೆ, ಮತ್ತೆ ಇಲ್ಲ. ಕ್ಲೈಂಟ್ ಜೊತೆ ವಿಡಿಯೋ ಕಾಲ್ ಇದ್ದರೆ ಮುಖ ಅಲ್ಲೇ ಹೆಪ್ಪುಗಟ್ಟುತ್ತದೆ. ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಕೊನೇ ದಿನ. ಸೆಪ್ಟೆಂಬರ್ ಬಂದರೆ ಟ್ಯಾಕ್ಸ್ ಆಡಿಟ್ ಬೇರೆ. ಆ ದಿನಗಳಲ್ಲಿ ನಮಗೆ ಆಗುತ್ತಿದ್ದ ಮಂಡೆಬಿಸಿ ಅಷ್ಟಿಷ್ಟಲ್ಲ. ಆಫೀಸಿನ ಆಡಳಿತ ನೋಡಿಕೊಳ್ಳುವವಳು ನಾನು, ಹಾಗಾಗಿ ಎಲ್ಲರೂ ಬಂದು ನಿಲ್ಲುವುದು ನನ್ನ ಟೇಬಲ್ ಮುಂದೆ.

ಇದಕ್ಕಿಂತ ಮೊದಲು ಬಂದಿದ್ದ ಒಬ್ಬರು ಫೋನಿನಲ್ಲಿ ಸ್ಪೀಡ್ ಟೆಸ್ಟ್ ಹಾಕಿ ನೋಡಿ, 'ಪ್ಲಾನ್ ಸಾಲದು ಮೇಡಂ' ಅಂದರು. 100 ಇದ್ದದ್ದು 200 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಆಯಿತು. ಜೊತೆಗೆ ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಹಂಚುವ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಒಂದು ರಿಪೀಟರ್ ಬಂತು. ಬಿಲ್ ಏರಿತು, ಟ್ಯಾಲಿ ಅಲ್ಲೇ ನಿಂತಿತು.

ಈ ಹಿರಿಯರು ಬಂದಾಗ ಬ್ಯಾಗ್ ಕೂಡ ತೆರೆಯದೆ ಕೇಳಿದ ಮೊದಲ ಪ್ರಶ್ನೆ: "ಮೇಡಂ, ಸ್ಲೋ ಅಂದರೆ ಯಾವುದು ಸ್ಲೋ? ಬ್ರೌಸರಾ, ಟ್ಯಾಲಿಯಾ, ಪ್ರಿಂಟಾ? ಯಾರ ಟೇಬಲ್ಲಲ್ಲಿ? ಎಷ್ಟು ಗಂಟೆಗೆ ಜಾಸ್ತಿ?"

ಟ್ಯಾಲಿ ಅಂದೆ, ಹಿಂದಿನ ಕೋಣೆಯಲ್ಲಿ.

"ನಿಮ್ಮ ಟ್ಯಾಲಿ ಡೇಟಾ ಎಲ್ಲುಂಟು?"

ಒಳಕೋಣೆಯ ಸರ್ವರ್‌ನಲ್ಲಿ.

"ಹಾಗಾದರೆ ಅದಕ್ಕೂ ಇಂಟರ್ನೆಟ್ಟಿಗೂ ಸಂಬಂಧ ಇಲ್ಲ. ಈ ಕೋಣೆಯಿಂದ ಆ ಕೋಣೆಗೆ ಹೋಗುವ ದಾರಿ ಅದು. ಪ್ಲಾನ್ 1,000 ಮಾಡಿದರೂ ಟ್ಯಾಲಿ ಹೀಗೇ ಇರುತ್ತದೆ."

ಇಷ್ಟನ್ನು ಅಲ್ಲಿಯವರೆಗೆ ಯಾರೂ ನಮಗೆ ಹೇಳಿರಲಿಲ್ಲ. ಆಫೀಸಿನ ಒಳಗಿನ ನೆಟ್‌ವರ್ಕ್ ಬೇರೆ, ಹೊರಗಿನಿಂದ ಬರುವ ಇಂಟರ್ನೆಟ್ ಬೇರೆ. ಎರಡರಲ್ಲಿ ನಿಧಾನ ಯಾವುದು ಅಂತ ಗೊತ್ತಾಗುವವರೆಗೆ ಖರ್ಚು ಮಾಡಿದ್ದೆಲ್ಲ ದಂಡ.

ಹಾಗಾಗಿ ಅವರು ಮೊದಲು ಹೊರಗಿನದನ್ನು ನೋಡಿದರು. ಫೈಬರ್ ಬಂದು ಸೇರುವ ಪೆಟ್ಟಿಗೆಗೆ ತಮ್ಮ ಲ್ಯಾಪ್‌ಟಾಪ್ ಅನ್ನು ನೇರ ಕೇಬಲ್ ಹಾಕಿ ಜೋಡಿಸಿದರು, ಉಳಿದ ಎಲ್ಲ ವೈರ್ ತೆಗೆದು. ದುಡ್ಡು ಕೊಟ್ಟ 200 ಪೂರ್ತಿ ಬರುತ್ತಿತ್ತು. "ಕಂಪನಿಯವರ ತಪ್ಪಿಲ್ಲ" ಅಂತ ಪುಸ್ತಕದಲ್ಲಿ ಬರೆದುಕೊಂಡರು. ವೈಫೈ ಮೇಲೆ ಫೋನಿನಲ್ಲಿ ಮಾಡುವ ಸ್ಪೀಡ್ ಟೆಸ್ಟ್‌ನಿಂದ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಅದರಲ್ಲಿ ವೈಫೈ, ಗೋಡೆ, ಫೋನ್, ಇಂಟರ್ನೆಟ್ ಎಲ್ಲ ಸೇರಿಕೊಂಡಿರುತ್ತದೆ.

ಆಮೇಲೆ ಒಳಗಿನದು. ಐಪರ್ಫ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಸುಮ್ನೆ ಡೇಟಾ ತಳ್ಳಿ, ಎಷ್ಟು ವೇಗದಲ್ಲಿ ಹೋಯಿತು ಅಂತ ತೋರಿಸುತ್ತದೆ. ಇಂಟರ್ನೆಟ್ ಬೇಡ, ಹಾರ್ಡ್‌ಡಿಸ್ಕ್ ಬೇಡ, ಬರೀ ದಾರಿಯ ಅಳತೆ. ಸರ್ವರ್‌ನಲ್ಲಿ ಒಂದು ತುದಿ ಚಾಲೂ ಇಟ್ಟು, ಹುಡುಗ ಲ್ಯಾಪ್‌ಟಾಪ್ ಹಿಡಿದು ಟೇಬಲ್ ಟೇಬಲ್ ಸುತ್ತಿದ. ರಿಸೆಪ್ಷನ್ನಲ್ಲಿ 940 ಎಂಬಿಪಿಎಸ್ ಆಸುಪಾಸು. ಗಿಗಾಬಿಟ್ ಲೈನ್, ಅಂದರೆ 1,000 ಎಂಬಿಪಿಎಸ್‌ನದು, ಸರಿಯಾಗಿದ್ದರೆ ಅಷ್ಟೇ ಬರುವುದಂತೆ. ಅಕೌಂಟ್ಸ್ ಕೋಣೆಯಲ್ಲಿ 94. ಹಿಂದಿನ ಆಡಿಟ್ ಕೋಣೆಯಲ್ಲಿ ಒಮ್ಮೆ 90, ಒಮ್ಮೆ 30, ಒಮ್ಮೆ ಅದಕ್ಕೂ ಕೆಳಗೆ. ಪಕ್ಕದಲ್ಲಿ ಪಿಂಗ್ ಓಡುತ್ತಿತ್ತು, ಅಂದರೆ ಆ ಕಡೆಗೆ ಕೂಗಿದರೆ ಉತ್ತರ ಬರಲು ಎಷ್ಟು ಹೊತ್ತು ಅಂತ ನೋಡುವುದು. ಕೇಬಲ್ಲಿನಲ್ಲಿ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಇರಬೇಕಾದದ್ದು, ಅಲ್ಲಿ ನಡುನಡುವೆ ಉತ್ತರವೇ ಬರುತ್ತಿರಲಿಲ್ಲ.

94 ಅಂತ ಕಂಡ ಕೂಡಲೇ ಹಿರಿಯರಿಗೆ ವಿಷಯ ಗೊತ್ತಾಯಿತು. "ನಡುವೆ ಎಲ್ಲೋ ಹಳೇ 100ರ ಸ್ವಿಚ್ ಉಂಟು" ಅಂದರು. ಸ್ವಿಚ್ ಅಂದರೆ ಹಲವು ನೆಟ್‌ವರ್ಕ್ ಕೇಬಲ್‌ಗಳನ್ನು ಒಂದುಗೂಡಿಸುವ ಪೆಟ್ಟಿಗೆ. ಹುಡುಕಿದರೆ ಫೈಲ್ ಕಪಾಟಿನ ಹಿಂದೆ, ನೆಲದ ಮೇಲೆ, ಧೂಳು ಮೆತ್ತಿಕೊಂಡು ಒಂದು ಎಂಟು ಪೋರ್ಟಿನ ಸ್ವಿಚ್ ಸಿಕ್ಕಿತು. ಸರ್ವರ್ ಗಿಗಾಬಿಟ್, ಕಂಪ್ಯೂಟರ್‌ಗಳು ಗಿಗಾಬಿಟ್, ನಡುವೆ ಇದೊಂದು. ಒಳಗಿನ ಮತ್ತು ಹಿಂದಿನ ಕೋಣೆಯ ಅಷ್ಟೂ ಜನರ ಟ್ಯಾಲಿ, ಜೊತೆಗೆ ಸಿಸಿಟಿವಿ ಕ್ಯಾಮೆರಾಗಳ ವಿಡಿಯೋ, ಎಲ್ಲ ಇದರ ಒಂದೇ ಪೋರ್ಟ್ ಮೂಲಕ ಸರ್ವರ್ ಕಡೆ ಹೋಗಬೇಕಿತ್ತು. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12 ಎಂಬಿ (ಮೆಗಾಬೈಟ್). ಅಷ್ಟರಲ್ಲಿ ಎಲ್ಲರೂ ಹಂಚಿಕೊಳ್ಳಬೇಕು. ಹೊಸ ಗಿಗಾಬಿಟ್ ಸ್ವಿಚ್ ಹಾಕಿ ಮತ್ತೆ ಅಳೆದರು. ಅಕೌಂಟ್ಸ್ ಕೋಣೆ 940ಕ್ಕೆ ಏರಿತು.

ಹಿಂದಿನ ಕೋಣೆ ಮಾತ್ರ ಏರಲಿಲ್ಲ. ಬದಲಿಗೆ ಇನ್ನೂ ಕೆಟ್ಟಿತು. ಲಿಂಕ್ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ.

ಇಲ್ಲಿಂದ ಮುಂದಿನದ್ದು ಈ ಸರ್ವಿಸ್‌ನ ನಿಜವಾದ ಕೈಚಳಕ. ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹುಡುಗ ಕೇಬಲ್ ಟೆಸ್ಟರ್ ಹಾಕಿದ. ಎಲ್ಲರ ಹತ್ತಿರ ಇರುವ ಅದೇ ಅಗ್ಗದ ಟೆಸ್ಟರ್, ಎರಡು ತುಂಡಾಗುವಂಥದ್ದು. ಒಂದರಿಂದ ಎಂಟರವರೆಗೆ ದೀಪಗಳು ಸಾಲಾಗಿ ಹತ್ತಿದವು. "ಕೇಬಲ್ ಸರಿ ಉಂಟು ಸರ್" ಅಂದ ಅವನು. ಹಿರಿಯರು ಮಾತಾಡಲಿಲ್ಲ. ಕನ್ನಡಕ ಹಣೆಗೇರಿಸಿ, ಕೇಬಲ್ ತುದಿಯ ಆರ್‌ಜೆ 45 ಕನೆಕ್ಟರನ್ನು ಕಿಟಕಿ ಬೆಳಕಿಗೆ ಹಿಡಿದು, ಆ ಪಾರದರ್ಶಕ ಪ್ಲಾಸ್ಟಿಕ್ ಒಳಗಿನ ಬಣ್ಣ ಓದತೊಡಗಿದರು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ನೋಡಲು ಎಷ್ಟು ಚಂದ ಜೋಡಿ ಜೋಡಿ ಇದೆ ಅಲ್ವಾ? ಇನ್ನೊಂದು ತುದಿಯಲ್ಲೂ ಅದೇ ಕ್ರಮ.

ತಪ್ಪು ಅಲ್ಲೇ ಇತ್ತು. ಸರಿಯಾದ ಕ್ರಮದಲ್ಲಿ ನಾಲ್ಕನೆಯದು ನೀಲಿ, ಐದನೆಯದು ಬಿಳಿ-ನೀಲಿ, ಆರನೆಯದು ಹಸಿರು. ಹಸಿರು ಜೋಡಿ ಮೂರು ಮತ್ತು ಆರನೇ ಪಿನ್‌ಗೆ ಹೋಗಬೇಕು, ನೀಲಿ ಜೋಡಿ ನಡುವೆ ನಾಲ್ಕು ಮತ್ತು ಐದಕ್ಕೆ. ಈ ಕೇಬಲ್ಲಿನೊಳಗೆ ಎರಡೆರಡು ವೈರ್ ಒಂದಕ್ಕೊಂದು ಹೆಣೆದುಕೊಂಡಿರುವುದು ಸುಮ್ನೆ ಅಲ್ಲ. ಒಂದೇ ಸಿಗ್ನಲ್ ಎರಡು ವೈರಿನಲ್ಲಿ ಒಂದಕ್ಕೊಂದು ವಿರುದ್ಧವಾಗಿ ಹೋಗುತ್ತದೆ. ಹೆಣೆದಿರುವುದರಿಂದ ಹೊರಗಿನ ಗಲಾಟೆ ಎರಡಕ್ಕೂ ಒಂದೇ ರೀತಿ ತಗಲುತ್ತದೆ, ಆ ತುದಿಯಲ್ಲಿ ಕಳೆದು ಹೋಗುತ್ತದೆ. ನಮ್ಮಲ್ಲಿ ಮೂರನೇ ಪಿನ್‌ನ ಸಿಗ್ನಲ್ ಹಸಿರು ಜೋಡಿಯಲ್ಲಿ ಹೋದರೆ, ಅದರ ಜೊತೆಗಾರ ಆರನೇ ಪಿನ್‌ನದು ನೀಲಿ ಜೋಡಿಯಲ್ಲಿ ಹೋಗುತ್ತಿತ್ತು. ಹೆಣಿಗೆಯ ಲಾಭವೇ ಇಲ್ಲ. ಪಕ್ಕದ ಜೋಡಿಯ ಸದ್ದೆಲ್ಲ ಇದಕ್ಕೆ ಬರುತ್ತದೆ.

ಟೆಸ್ಟರಿಗೆ ಇದು ಕಾಣುವುದಿಲ್ಲ. ಆ ಕಡೆ ಒಂದನೇ ಪಿನ್ ಈ ಕಡೆ ಒಂದಕ್ಕೇ ಬಂತಾ ಅಂತ ಮಾತ್ರ ಅದು ನೋಡುತ್ತದೆ. ಬಂತು, ದೀಪ ಹತ್ತಿತು. ಯಾವ ವೈರ್ ಯಾವುದರ ಜೊತೆ ಹೆಣೆದಿದೆ ಅಂತ ಅದಕ್ಕೆ ಗೊತ್ತಿಲ್ಲ. ಎರಡು ಮೀಟರಿನ ಚಿಕ್ಕ ಕೇಬಲ್ಲಿನಲ್ಲಿ ಹೀಗಿದ್ದರೂ ಕೆಲವೊಮ್ಮೆ ನಡೆದುಹೋಗುತ್ತದೆ. ನಮ್ಮದು ಅಟ್ಟದ ಮೇಲೆ ಹಾದು, ಟ್ಯೂಬ್‌ಲೈಟ್ ವೈರಿನ ಪಕ್ಕದಲ್ಲೇ ಓಡಿ, ಹಿಂದಿನ ಕೋಣೆಗೆ ಇಳಿಯುವ ಉದ್ದದ ಲೈನ್.

"ದೀಪ ಹತ್ತಿತು ಅಂತ ನಂಬಬೇಡ, ಬಣ್ಣ ನೋಡು" ಅಂತ ಹಿರಿಯರು ಹುಡುಗನಿಗೆ ಅಷ್ಟೇ ಹೇಳಿದರು. ಬೈಯಲಿಲ್ಲ. ಅವನ ಕೈಗೇ ಕನೆಕ್ಟರ್ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್ ಕೊಟ್ಟು ಎರಡೂ ತುದಿ ಕತ್ತರಿಸಿ ಹೊಸದಾಗಿ ಹಾಕಿಸಿದರು. ಹೆಣಿಗೆಯನ್ನು ಕನೆಕ್ಟರಿನ ಹತ್ತಿರದವರೆಗೆ ಬಿಚ್ಚದೆ ಇಡಬೇಕು, ಒಂದೂಕಾಲು ಸೆಂಟಿಮೀಟರಿಗಿಂತ ಜಾಸ್ತಿ ಬಿಚ್ಚಬಾರದು ಅಂತ ಬೆರಳಿನಲ್ಲೇ ಅಳತೆ ತೋರಿಸಿದರು. ಕೆಲಸ ಕಲಿಸುವುದನ್ನು ಗ್ರಾಹಕರ ಎದುರೇ ಇಷ್ಟು ಗೌರವದಿಂದ ಮಾಡುವವರನ್ನು ನಾನು ನೋಡಿದ್ದು ಕಡಿಮೆ.

ಕತ್ತರಿಸಿದ ತುಂಡಿನಿಂದಲೇ ಇನ್ನೊಂದು ವಿಷಯ ಹೊರಬಿತ್ತು. ಅವರು ಒಂದು ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದು, ಬ್ಲೇಡಿನಿಂದ ತಾಮ್ರವನ್ನು ಮೆಲ್ಲಗೆ ಕೆರೆದರು. ಕೆಂಪು ಹೋಗಿ ಒಳಗಿನಿಂದ ಬೆಳ್ಳಗೆ ಮಿಂಚಿತು. ಅಲ್ಯೂಮಿನಿಯಂ. ಮೇಲೆ ಮಾತ್ರ ತಾಮ್ರದ ಲೇಪ. ಬೆಲೆ ಕಡಿಮೆ ಅಂತ ಇಂಥ ಕೇಬಲ್ ತುಂಬಾ ಕಡೆ ಹಾಕಿಬಿಡುತ್ತಾರೆ. ತಾಮ್ರಕ್ಕಿಂತ ಇದರ ರೆಸಿಸ್ಟೆನ್ಸ್ ಜಾಸ್ತಿ, ಬಗ್ಗಿಸಿದರೆ ಬೇಗ ಮುರಿಯುತ್ತದೆ. ಕತ್ತರಿಸಿದ ತುದಿಗೆ ನಮ್ಮೂರಿನ ತೇವದ ಗಾಳಿ ತಗಲಿದರೆ ಕೆಡುವುದೂ ಬೇಗ. ಕೇಬಲ್ ಮೂಲಕವೇ ವಿದ್ಯುತ್ ಪಡೆಯುವ ಕ್ಯಾಮೆರಾ, ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ) ಇದ್ದರಂತೂ ಬೇಡವೇ ಬೇಡ ಅಂದರು, ಬಿಸಿಯಾಗುತ್ತದೆ. ಹೊಸ ಕೇಬಲ್ ಎಳೆಸಲೇಬೇಕಾ ಅಂತ ಕೇಳಿದೆ. "ಮೊದಲು ಇದನ್ನೇ ಸರಿ ಮಾಡಿ ಅಳೆಯುವ, ಬಂದರೆ ಇರಲಿ" ಅಂದರು. ಅಳೆದರು. ವೇಗ ಏರಿತು, ಆದರೂ ಪಿಂಗ್ ಆಗಾಗ ತಪ್ಪುತ್ತಿತ್ತು. ಆಮೇಲೆಯೇ ಹೊಸ ಲೈನ್ ಹಾಕಿದ್ದು. ಪೂರ್ತಿ ತಾಮ್ರದ ಕ್ಯಾಟ್ 6 ಕೇಬಲ್, ಕರೆಂಟ್ ವೈರಿನಿಂದ ದೂರ, ಬೇರೆ ಪೈಪಿನಲ್ಲಿ. ಈಗ ಹಿಂದಿನ ಕೋಣೆಯಲ್ಲೂ 940.

ವೈಫೈ ಕೆಲಸ ಇಷ್ಟು ಹೊತ್ತು ಹಿಡಿಯಲಿಲ್ಲ. ಫೋನಿನಲ್ಲಿ ಸಿಗ್ನಲ್ ತೋರಿಸುವ ಆ್ಯಪ್ ಹಾಕಿ ಕೋಣೆ ಕೋಣೆ ನಡೆದರು. ರೂಟರ್ ಪಕ್ಕ ಮೈನಸ್ 50 ಡಿಬಿಎಂ (ಸಿಗ್ನಲ್ ಬಲದ ಅಳತೆ) ಇದ್ದದ್ದು, ಎರಡು ಮುರಕಲ್ಲಿನ ಗೋಡೆ ದಾಟಿ ಮೀಟಿಂಗ್ ಕೋಣೆಗೆ ಬರುವಾಗ ಮೈನಸ್ 80. ನೋಡಲು 30ರ ವ್ಯತ್ಯಾಸ, ಆದರೆ ಆ ಲೆಕ್ಕದಲ್ಲಿ ಸಾವಿರ ಪಟ್ಟು ಕಡಿಮೆ ಅಂತ ಅರ್ಥ. ನಾವು ದುಡ್ಡು ಕೊಟ್ಟು ತಂದ ರಿಪೀಟರ್ ಇದ್ದದ್ದು ಅದೇ ಕೋಣೆಯೊಳಗೆ. ಅಲ್ಲಿಗೆ ಬರುವ ಸಿಗ್ನಲ್ಲೇ ದುರ್ಬಲ, ಅದನ್ನೇ ಅದು ಮತ್ತೆ ಹಂಚುತ್ತಿತ್ತು. ಫೋನಿನಲ್ಲಿ ಕಡ್ಡಿ ಪೂರ್ತಿ, ಕೆಲಸ ಮಾತ್ರ ಇಲ್ಲ. ಮೇಲಾಗಿ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಹೇಳಬೇಕಾದ ರಿಪೀಟರ್ ಸಿಕ್ಕಿದ ವೇಗದಲ್ಲೂ ಅರ್ಧ ತಿನ್ನುತ್ತದೆ.

ಅದನ್ನು ಕಿತ್ತು, ಹಿಂದಿನ ಭಾಗಕ್ಕೆ ಕೇಬಲ್ ಎಳೆದು, ಒಂದು ಆಕ್ಸೆಸ್ ಪಾಯಿಂಟನ್ನು ಸೀಲಿಂಗಿಗೆ ಹಾಕಿದರು. ವೈಫೈಯ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ನಮ್ಮ ಅಕ್ಕಪಕ್ಕದ ಆಫೀಸು, ಕ್ಲಿನಿಕ್ಕು ಎಲ್ಲ 6ರಲ್ಲೇ ತುಂಬಿತ್ತು, ನಮ್ಮದೂ ಅಲ್ಲೇ ಇತ್ತು. ಮುಂದಿನ ರೂಟರ್ 1ಕ್ಕೆ, ಹಿಂದಿನದು 11ಕ್ಕೆ ಹೋಯಿತು. ಲ್ಯಾಪ್‌ಟಾಪ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಹಾಕಿದರು. ಅದು ಗೋಡೆ ದಾಟುವುದು ಇನ್ನೂ ಕಡಿಮೆ, ಆದರೆ ಅದೇ ಕೋಣೆಯಲ್ಲಿ ಆಕ್ಸೆಸ್ ಪಾಯಿಂಟ್ ಇದ್ದರೆ ವೇಗ ಚೆನ್ನಾಗಿ ಸಿಗುತ್ತದೆ.

ಪ್ರಿಂಟರ್ ಕಾಣೆಯಾಗುತ್ತಿದ್ದ ಕಾರಣವೂ ಸಿಕ್ಕಿತು. ಆಡಿಟ್ ಕೋಣೆಯಲ್ಲಿ ಯಾರೋ ಯಾವಾಗಲೋ ಒಂದು ಹಳೇ ರೂಟರನ್ನು ಸ್ವಿಚ್ ಥರ ಬಳಸಲು ಸಿಕ್ಕಿಸಿದ್ದರು. ಅದೂ ಕಂಪ್ಯೂಟರ್‌ಗಳಿಗೆ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಗುರುತಿಸುವ ನಂಬರ್) ಹಂಚುತ್ತಿತ್ತು, ಮುಖ್ಯ ರೂಟರೂ ಹಂಚುತ್ತಿತ್ತು. ಯಾರಿಗೆ ಯಾವುದು ಮೊದಲು ಉತ್ತರ ಕೊಟ್ಟಿತೋ ಅವರು ಆ ಕಡೆ. ತಪ್ಪಾದ ಕಡೆ ಬಿದ್ದವರಿಗೆ ಪ್ರಿಂಟರೂ ಇಲ್ಲ, ಸರ್ವರೂ ಇಲ್ಲ. ವಿಳಾಸ ಹಂಚುವ ಈ ಕೆಲಸವನ್ನು, ಅಂದರೆ ಡಿಎಚ್‌ಸಿಪಿಯನ್ನು, ಒಂದೇ ಕಡೆ ಇಟ್ಟು, ಪ್ರಿಂಟರಿಗೆ ಸ್ಥಿರ ವಿಳಾಸ ಕೊಟ್ಟರು. ಅಲ್ಲಿಂದ ಈಚೆ ಪ್ರಿಂಟರ್ ಬಗ್ಗೆ ಒಂದು ದೂರೂ ಬಂದಿಲ್ಲ.

ವಿಡಿಯೋ ಕಾಲ್ ನಿಲ್ಲುತ್ತಿದ್ದದ್ದು ಸರ್ವರಿನ ಆನ್‌ಲೈನ್ ಬ್ಯಾಕಪ್‌ನಿಂದ. ಕೆಲಸದ ಹೊತ್ತಲ್ಲೇ ಅಪ್‌ಲೋಡ್ ಪೂರ್ತಿ ತಿಂದು ಕೂರುತ್ತಿತ್ತು. ರಾತ್ರಿಗೆ ಸಮಯ ಬದಲಿಸಿದರು. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಈಗ ದುಡ್ಡಿನ ವಿಷಯ. ಬಂದು ಅಳೆದು ಏನಾಗಿದೆ ಅಂತ ಹೇಳುವುದಕ್ಕೆ 1,500 ರೂಪಾಯಿ. ಕೆಲಸ ಕೊಡಲಿ ಬಿಡಲಿ, ಅದು ಕೊಡಲೇಬೇಕು. ಮೊದಲು ಕೇಳಿದಾಗ ನಮ್ಮ ಸಾಹೇಬರಿಗೆ ಜಾಸ್ತಿ ಅನ್ನಿಸಿತ್ತು. ನನ್ನ ಅಭಿಪ್ರಾಯದಲ್ಲಿ ಇದೇ ಸರಿ. ಅಳೆಯುವುದಕ್ಕೆ ದುಡ್ಡು ಸಿಗದಿದ್ದರೆ ಮಾರುವುದರಲ್ಲೇ ದುಡ್ಡು ಮಾಡಬೇಕಾಗುತ್ತದೆ, ಆಗ ಎಲ್ಲ ಕಾಯಿಲೆಗೂ ಹೊಸ ರೂಟರೇ ಔಷಧಿ. ಸ್ವಿಚ್, ಆಕ್ಸೆಸ್ ಪಾಯಿಂಟ್, ಕೇಬಲ್ ಯಾವುದು ಅಂತ ಚೀಟಿಯಲ್ಲಿ ಬರೆದುಕೊಟ್ಟು, ನೀವೇ ಅಂಗಡಿಯಿಂದ ತನ್ನಿ ಅಂದರು. ನಾನೇ ಹಂಪನಕಟ್ಟೆಗೆ ಹೋಗಿ ತಂದೆ. ಯಾವುದರ ಮೇಲೂ ಅವರ ಕಮಿಷನ್ ಇರಲಿಲ್ಲ. ಪ್ಲಾನನ್ನು ಮತ್ತೆ 100ಕ್ಕೇ ಇಳಿಸಿ, ನಿಮಗೆ ಅದು ಧಾರಾಳ ಆಯಿತು ಅಂತಲೂ ಹೇಳಿದರು. ಇಳಿಸಿದ್ದೇವೆ, ಏನೂ ವ್ಯತ್ಯಾಸ ಗೊತ್ತಾಗುತ್ತಿಲ್ಲ.

ತಕರಾರುಗಳೂ ಇವೆ. ಹೇಳಿದ ಸಮಯಕ್ಕೆ ಬರುವುದಿಲ್ಲ. ಬೆಳಿಗ್ಗೆ ಅಂದರೆ ಮಧ್ಯಾಹ್ನ ಊಟದ ಹೊತ್ತು ಅಂತ ತಿಳಿದುಕೊಳ್ಳಿ. ಕೆಲಸದಲ್ಲಿದ್ದಾಗ ಫೋನ್ ಎತ್ತುವುದೇ ಇಲ್ಲ. ಮುರಕಲ್ಲಿಗೆ ತೂತು ಕೊರೆದ ಕೆಂಪು ಧೂಳನ್ನು ಹಾಗೇ ಬಿಟ್ಟು ಹೋದರು, ಫೈಲುಗಳ ಮೇಲೆಲ್ಲ ಬಿದ್ದಿತ್ತು. ಪುಸ್ತಕದಲ್ಲಿ ಬರೆದುಕೊಂಡ ಅಳತೆಗಳನ್ನು ನಮಗೆ ಕೊಡುವ ಅಭ್ಯಾಸ ಅವರಿಗಿಲ್ಲ. ನಾನು ಪಟ್ಟು ಹಿಡಿದು ಕೇಳಿ ಫೋಟೋ ತೆಗೆದುಕೊಂಡೆ. ಯಾವ ಕೇಬಲ್ ಯಾವ ಟೇಬಲ್ಲಿಗೆ ಅಂತ ಎರಡೂ ತುದಿಗೆ ಚೀಟಿ ಅಂಟಿಸುವುದನ್ನೂ ಕೇಳಿಯೇ ಮಾಡಿಸಬೇಕಾಯಿತು. ಇಷ್ಟು ಒಳ್ಳೆಯ ಕೆಲಸಗಾರರು ಇದನ್ನು ತಾವಾಗಿಯೇ ಮಾಡಬೇಕು. ನಾಳೆ ಬೇರೆ ಯಾರೋ ಬಂದರೆ ಮತ್ತೆ ಒಂದರಿಂದ ಶುರು ಮಾಡುವ ಹಾಗೆ ಆಗಬಾರದು. ಅರ್ಧ ಸ್ಟಾರ್ ಕಳೆದದ್ದು ಇದಕ್ಕೇ.

ನಿಮ್ಮ ಆಫೀಸಿಗೆ ಯಾರನ್ನಾದರೂ ಕರೆಸುವುದಿದ್ದರೆ, ಫೋನಿನಲ್ಲೇ ಒಂದು ಮಾತು ಕೇಳಿ: ಒಳಗಿನ ನೆಟ್‌ವರ್ಕ್ ಮತ್ತು ಇಂಟರ್ನೆಟ್ ಎರಡನ್ನೂ ಬೇರೆ ಬೇರೆ ಅಳೆದು ತೋರಿಸುತ್ತೀರಾ? ಹೌದು ಅಂದವರನ್ನು ಕರೆಸಿ. ಒಂದೇ ಸಲ ನಾಲ್ಕು ಬದಲಾವಣೆ ಮಾಡುವವರನ್ನು ತಡೆಯಿರಿ. ಒಂದು ಬದಲಿಸಿ, ಅಳೆದು, ಆಮೇಲೆ ಇನ್ನೊಂದು. ನಮ್ಮಲ್ಲಿ ಸ್ವಿಚ್ ಮಾತ್ರ ಬದಲಿಸಿ ಅಳೆದದ್ದರಿಂದಲೇ ಕೇಬಲ್ಲಿನ ತಪ್ಪು ಸಿಕ್ಕಿತು.

ಒಂದು ಕೆಲಸ ಬಾಕಿ ಇದೆ. ಹಳೇ ಮನೆಗೂ ಹಿಂದಿನ ಕಟ್ಟಡಕ್ಕೂ ನಡುವೆ ಸ್ವಲ್ಪ ದೂರ ಕೇಬಲ್ ಬಯಲಲ್ಲೇ ಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿಗೆ ಇಂಥ ತಾಮ್ರದ ಲೈನಿನಲ್ಲಿ ಏರು ವೋಲ್ಟೇಜ್ ಬಂದು ಎರಡೂ ಕಡೆಯ ಪೋರ್ಟ್ ಸುಟ್ಟು ಹೋಗಬಹುದು. ಆ ಒಂದು ತುಂಡಿಗೆ ಫೈಬರ್ ಹಾಕಿ, ಎರಡು ತುದಿಗೂ ಫೈಬರಿನ ಬೆಳಕನ್ನು ತಾಮ್ರದ ಕೇಬಲ್ಲಿನ ಸಿಗ್ನಲ್ ಆಗಿ ಬದಲಿಸುವ ಮೀಡಿಯಾ ಕನ್ವರ್ಟರ್ ಇಟ್ಟರೆ ಆ ಹೆದರಿಕೆ ಇಲ್ಲ, ಫೈಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಸಾಹೇಬರು ಒಪ್ಪಿದ್ದಾರೆ. ಮಾರ್ಚ್ ಮುಗಿಯುವುದರೊಳಗೆ ಮಾಡಿಸುತ್ತೇವೆ, ಇವರ ಕೈಯಲ್ಲೇ.